ಹಳೇ ರೇಡಿಯೋ ಪೆಟ್ಟಿಗೆ ಮತ್ತು ದಹೇಜ್‌ನ ಫಿನಾಲ್



ಮಣಿನಗರದ ನಮ್ಮ ಹಿರಿಯ ಕೇಳುಗರೊಬ್ಬರು ಹೋದ ತಿಂಗಳು ಹಳೆಯ ಸೀರೆಯಲ್ಲಿ ಸುತ್ತಿದ್ದ ಒಂದು ವಾಲ್ವ್ ರೇಡಿಯೋ ಹೊತ್ತುಕೊಂಡು ಸ್ಟುಡಿಯೋಗೆ ಬಂದಿದ್ದರು. ಅವರ ತಂದೆ ಹುಬ್ಬಳ್ಳಿ ಬಿಟ್ಟು ಇಲ್ಲಿಯ ಗಿರಣಿಗೆ ಕೆಲಸಕ್ಕೆ ಬರುವಾಗ ತಂದದ್ದಂತೆ. ಅದು ಹಾಡುವುದನ್ನು ನಿಲ್ಲಿಸಿ ಎಷ್ಟೋ ವರ್ಷವಾಗಿದೆ, ಆದರೆ ಕಂದು ಬಣ್ಣದ ಪೆಟ್ಟಿಗೆ ಮಾತ್ರ ಇನ್ನೂ ಮಿರಮಿರ ಮಿಂಚುತ್ತಿದೆ. “ಇದು ಕಟಗೀ ಅಲ್ಲ, ತಗಡಲ್ಲ. ಏನಂತ ಹೇಳವಾ, ನೀ ಕಲತಾಕಿ ಇದ್ದಿ” ಅಂದರು ಅಜ್ಜ. ನಾನು ಕಲಿತದ್ದು ಪಂಪ, ಕುಮಾರವ್ಯಾಸರನ್ನು. ರಸಾಯನಶಾಸ್ತ್ರಕ್ಕೆ ಪಿಯುಸಿಯಲ್ಲೇ ಕೈ ಮುಗಿದವಳು. ಆದರೂ ಹೆಬ್ಬೆರಳಿನಿಂದ ಪೆಟ್ಟಿಗೆಯ ಮೂಲೆಯನ್ನು ಬಿಸಿಯಾಗುವಷ್ಟು ಉಜ್ಜಿ ಮೂಸಿ ನೋಡಿದೆ. ಹಳೆಯ ಕಾಲದ ಆಸ್ಪತ್ರೆಯ ವಾಸನೆ! ಬೇಕಲೈಟ್.

ಬೇಕಲೈಟ್‌ನ ಮೂಲ ಫಿನಾಲ್. ಇದನ್ನು 1834ರಲ್ಲಿ ಕಲ್ಲಿದ್ದಲ ಡಾಂಬರಿನಿಂದ ಮೊದಲು ಬೇರ್ಪಡಿಸಿದವನು ಜರ್ಮನಿಯ ರುಂಗೆ. ಬೀದಿದೀಪಗಳಿಗಾಗಿ ಕಲ್ಲಿದ್ದಲಿನಿಂದ ಅನಿಲ ತೆಗೆದ ಮೇಲೆ ಉಳಿಯುತ್ತಿದ್ದ ಕಪ್ಪು ಗಲೀಜೇ ಆ ಡಾಂಬರು. ಗ್ಲಾಸ್ಗೋದ ವೈದ್ಯ ಲಿಸ್ಟರ್ 1865ರಲ್ಲಿ, ಗಾಡಿಯ ಚಕ್ರ ಹರಿದು ಕಾಲು ಮುರಿದಿದ್ದ ಹನ್ನೊಂದು ವರ್ಷದ ಹುಡುಗನ ಗಾಯಕ್ಕೆ ಅದೇ ಫಿನಾಲನ್ನು ಕಾರ್ಬಾಲಿಕ್ ಆಮ್ಲ ಎಂಬ ಹೆಸರಿನಲ್ಲಿ ಹಚ್ಚಿದ. ಗಾಯ ಕೀವಾಗಲಿಲ್ಲ, ಕಾಲು ಉಳಿಯಿತು. ನಮ್ಮ ಅಜ್ಜಿಯರ ಕಾಲದ ಕೆಂಪು ಕಾರ್ಬಾಲಿಕ್ ಸೋಪಿನ ವಾಸನೆ ನೆನಪಿದೆಯಲ್ಲ? ಅದೂ ಇದೇ ವಂಶದ್ದು. 1907ರಲ್ಲಿ ಬೇಕ್‌ಲ್ಯಾಂಡ್ ಎಂಬ ಬೆಲ್ಜಿಯಂ ಮೂಲದ ವಿಜ್ಞಾನಿ ಫಿನಾಲ್ ಜತೆ ಫಾರ್ಮಾಲ್ಡಿಹೈಡ್ ಬೆರೆಸಿ ಕಾಯಿಸಿ ಒತ್ತಿದಾಗ ಸಿಕ್ಕಿದ್ದೇ ಬೇಕಲೈಟ್. ಒಮ್ಮೆ ಗಟ್ಟಿಯಾದರೆ ಮತ್ತೆ ಕರಗದು, ವಿದ್ಯುತ್ ಹರಿಯಗೊಡದು. ರೇಡಿಯೋ ಪೆಟ್ಟಿಗೆ, ಸ್ವಿಚ್ಚು, ಟೆಲಿಫೋನು ಎಲ್ಲಕ್ಕೂ ಅದೇ ಬಂತು.

ನಮ್ಮಂಥ ಧ್ವನಿಯ ಕಸುಬಿನವರಿಗೆ ಬಹಳ ಹತ್ತಿರದ ಘಟನೆಯೊಂದು ಇಲ್ಲಿದೆ. ಎಡಿಸನ್ನನ ಗ್ರಾಮಫೋನ್ ಡಿಸ್ಕುಗಳಿಗೂ ಫಿನಾಲ್ ಬೇಕಿತ್ತು. 1914ರಲ್ಲಿ ಮಹಾಯುದ್ಧ ಶುರುವಾದದ್ದೇ ತಡ, ಬ್ರಿಟನ್ ತನ್ನ ಫಿನಾಲನ್ನು ಸ್ಫೋಟಕ ತಯಾರಿಕೆಗೆ ಹಿಡಿದಿಟ್ಟುಕೊಂಡಿತು. ಎಡಿಸನ್ ಬೆಂಜೀನ್‌ನಿಂದ ಫಿನಾಲ್ ಮಾಡುವ ಸ್ವಂತ ಕಾರ್ಖಾನೆಯನ್ನೇ ಕಟ್ಟಿದ. ಡಿಸ್ಕಿಗೆ ಬಳಸಿ ಮಿಕ್ಕಿದ್ದನ್ನು ಮಾರತೊಡಗಿದ. ಅದನ್ನು ಕೊಂಡವನು ಜರ್ಮನಿಯ ಪರವಾಗಿ ಕೆಲಸ ಮಾಡುತ್ತಿದ್ದ ಒಬ್ಬ ರಸಾಯನಜ್ಞ. ಅಮೆರಿಕದ ಫಿನಾಲ್ ಬ್ರಿಟನ್ನಿನ ಸ್ಫೋಟಕಕ್ಕೆ ಸಿಗದಂತೆ ತಿರುಗಿಸಿ, ಬೇಯರ್ ಕಂಪನಿಯ ಆಸ್ಪಿರಿನ್‌ಗೆ ಒದಗಿಸುವ ಹೂಟ ಅದು. 1915ರ ಆಗಸ್ಟಿನಲ್ಲಿ ಪತ್ರಿಕೆಯೊಂದು ಇದನ್ನು ಬಯಲಿಗೆಳೆಯಿತು. ತಲೆನೋವಿನ ಮಾತ್ರೆ, ಹಾಡಿನ ತಟ್ಟೆ, ಬಾಂಬು ಮೂರೂ ಒಂದೇ ಪೀಪಾಯಿಗೆ ಕೈಚಾಚಿದ್ದವು ನೋಡಿ!

ಇಂದಿನ ಫಿನಾಲ್ ಹೆಚ್ಚಾಗಿ ಬರುವುದು 1944ರಲ್ಲಿ ಜರ್ಮನಿಯ ಹಾಕ್ ಮತ್ತು ಲಾಂಗ್ ಪ್ರಕಟಿಸಿದ ಮಾರ್ಗದಿಂದ. ಬೆಂಜೀನ್ ಮತ್ತು ಪ್ರೊಪಿಲೀನ್ ಸೇರಿಸಿದರೆ ಕ್ಯೂಮೀನ್. ಅದಕ್ಕೆ ಗಾಳಿ ಊದಿದರೆ ಪೆರಾಕ್ಸೈಡ್. ಅದನ್ನು ಸ್ವಲ್ಪ ಆಮ್ಲದಿಂದ ಒಡೆದರೆ ಫಿನಾಲ್, ಜತೆಗೆ ಅಸಿಟೋನ್. ಕಾಲೇಜಿನಲ್ಲಿ ಓಡಿಹೋಗಿದ್ದ ಲೆಕ್ಕವನ್ನು ಈಗ ಮಾಡಿ ನೋಡಿದೆ: 78 ಕಿಲೋ ಬೆಂಜೀನ್, 42 ಕಿಲೋ ಪ್ರೊಪಿಲೀನ್, 32 ಕಿಲೋ ಆಮ್ಲಜನಕ ಹಾಕಿದರೆ, ಏನೂ ಪೋಲಾಗದಿದ್ದಲ್ಲಿ, 94 ಕಿಲೋ ಫಿನಾಲ್ ಮತ್ತು 58 ಕಿಲೋ ಅಸಿಟೋನ್. ಆಮ್ಲಜನಕ ಗಾಳಿಯದು, ಬಿಟ್ಟಿ. ಆದರೆ ನಡುವೆ ಬರುವ ಆ ಪೆರಾಕ್ಸೈಡ್ ಬಲು ಮುಂಗೋಪಿ. ಶಾಖ ಹದ ತಪ್ಪಿದರೆ ಸಿಡಿಯುತ್ತದೆ. ಆದ್ದರಿಂದ ಇದು ಸಣ್ಣ ಶೆಡ್ಡಿನಲ್ಲಿ ಮಾಡುವ ಕಸುಬಲ್ಲ.

ಇನ್ನು ಇದರ ಅರ್ಥಶಾಸ್ತ್ರ. ನಮ್ಮೂರ ಗಾಣ ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಶೇಂಗಾ ಹಿಂಡಿದರೆ ಎಣ್ಣೆಯೂ ಬರುತ್ತದೆ, ಹಿಂಡಿಯೂ ಬರುತ್ತದೆ. ಎಣ್ಣೆ ಮಾತ್ರ ಸಾಕು ಎಂದರೆ ಗಾಣ ಕೇಳುವುದಿಲ್ಲ. ಹಿಂಡಿಗೆ ಗಿರಾಕಿ ಇಲ್ಲದ ವರ್ಷ ಗಾಣದವನು ಕೆಡುತ್ತಾನೆ. ಫಿನಾಲ್ ಕಾರ್ಖಾನೆಗೆ ಅಸಿಟೋನೇ ಹಿಂಡಿ. ಒಂದು ಟನ್ ಫಿನಾಲ್ ಮಾಡಿದರೆ ಬೇಡವೆಂದರೂ ಸುಮಾರು 0.6 ಟನ್ ಅಸಿಟೋನ್ ಬಂದು ಕೂರುತ್ತದೆ. ಅತ್ತ ಬೆಂಜೀನ್, ಪ್ರೊಪಿಲೀನ್‌ಗಳ ಬೆಲೆ ಕಚ್ಚಾತೈಲದ ಜತೆ ಕುಣಿಯುತ್ತದೆ.

ನಮ್ಮ ದೇಶದಲ್ಲಿ ಬಹುಕಾಲ ಫಿನಾಲ್ ಮಾಡುತ್ತಿದ್ದವರು ಮುಖ್ಯವಾಗಿ ಇಬ್ಬರೇ. ಠಾಣೆ-ಬೇಲಾಪುರ ಪಟ್ಟಿಯಲ್ಲಿ ಹರ್ಡೀಲಿಯಾ ಕೆಮಿಕಲ್ಸ್, ಕೊಚ್ಚಿಯಲ್ಲಿ ಸರ್ಕಾರದ ಹಿಂದೂಸ್ತಾನ್ ಆರ್ಗ್ಯಾನಿಕ್ ಕೆಮಿಕಲ್ಸ್. ಕೊಚ್ಚಿ ಘಟಕದ ಸಾಮರ್ಥ್ಯ ವರ್ಷಕ್ಕೆ 40,000 ಟನ್. ಎರಡೂ ಸೇರಿದರೂ ಲಕ್ಷ ಟನ್ ಮುಟ್ಟುತ್ತಿರಲಿಲ್ಲ. ಹೊರದೇಶಗಳ ಕಾರ್ಖಾನೆಗಳು ಇದರ ಹಲವು ಪಟ್ಟು ದೊಡ್ಡವು. ಐದು ಪಟ್ಟು ದೊಡ್ಡ ಕಾರ್ಖಾನೆಗೆ ಐದು ಪಟ್ಟು ಹಣ ಬೇಕಿಲ್ಲ, ಐದು ಪಟ್ಟು ಜನವೂ ಬೇಕಿಲ್ಲ. ಹಾಗಾಗಿ ಅವರ ಮಾಲು ಅಗ್ಗ. ಉಳಿದ ಬೇಡಿಕೆಯೆಲ್ಲ ಹಡಗಿನಲ್ಲಿ ಬರುತ್ತಿತ್ತು, ಬಹಳಷ್ಟು ನಮ್ಮ ಕಾಂಡ್ಲಾ ಬಂದರಿಗೆ. ಫಿನಾಲ್ ಸುಮಾರು 41 ಡಿಗ್ರಿಗೆ ಕರಗುತ್ತದೆ. ಅಹಮದಾಬಾದಿನ ಮೇ ತಿಂಗಳ ಮಧ್ಯಾಹ್ನ ತಾನಾಗಿಯೇ ನೀರಾದೀತು, ಜನವರಿಯಲ್ಲಿ ಕಲ್ಲು! ಆದ್ದರಿಂದ ಹಡಗು, ಟ್ಯಾಂಕು, ಟ್ಯಾಂಕರ್ ಲಾರಿ ಎಲ್ಲದರಲ್ಲೂ ಬೆಚ್ಚಗಿಟ್ಟೇ ಸಾಗಿಸಬೇಕು.

ಹೊರಗಿನವರು ಬೆಲೆ ಇಳಿಸಿ ಸುರಿಯುತ್ತಿದ್ದಾರೆಂದು ದೇಶದ ತಯಾರಕರು ದೂರಿದರು. ಸರ್ಕಾರ ಹಲವು ದೇಶಗಳ ಫಿನಾಲ್ ಮೇಲೆ ಮತ್ತೆ ಮತ್ತೆ ಆಂಟಿ-ಡಂಪಿಂಗ್ ಸುಂಕ ಹಾಕಿತು. ಆದರೆ ಆ ಸುಂಕದ ಹೊರೆ ಬಿದ್ದದ್ದು ಯಾರ ಮೇಲೆ? ಗಾಂಧಿಧಾಮದ ಪ್ಲೈವುಡ್‌ನವರು, ನಮ್ಮ ಸುತ್ತಮುತ್ತಲ ಲ್ಯಾಮಿನೇಟ್‌ನವರ ಮೇಲೆ. ನಿಮ್ಮ ಅಡುಗೆಮನೆ ಕಪಾಟಿಗೆ ಅಂಟಿಸಿದ ಸನ್‌ಮೈಕಾದ ಒಳಪದರದ ಕಂದು ಕಾಗದ ನೆನೆದಿರುವುದು ಫಿನಾಲ್ ರೆಸಿನ್‌ನಲ್ಲೇ. ಮಾಡುವವನನ್ನು ಕಾದರೆ ಬಳಸುವವನು ಅಳುತ್ತಾನೆ, ಬಳಸುವವನನ್ನು ನೋಡಿದರೆ ಮಾಡುವವನು ಬಾಗಿಲು ಹಾಕುತ್ತಾನೆ. ಸುಂಕ ಸಮಯ ಕೊಟ್ಟಿತೇ ಹೊರತು ಕಾರ್ಖಾನೆಯನ್ನು ದೊಡ್ಡದು ಮಾಡಲಿಲ್ಲ ಎಂದೇ ನನಗನಿಸುತ್ತದೆ. 2017ರಲ್ಲಿ ಹಿಂದೂಸ್ತಾನ್ ಆರ್ಗ್ಯಾನಿಕ್‌ನ ಮಹಾರಾಷ್ಟ್ರದ ರಸಾಯನಿ ಘಟಕಗಳನ್ನು ಮುಚ್ಚಲು ಕೇಂದ್ರ ಸಂಪುಟ ತೀರ್ಮಾನಿಸಿತು. ರಾಕೆಟ್ ಇಂಧನಕ್ಕೆ ಬೇಕಾದ ಒಂದು ಘಟಕ ಮಾತ್ರ ಇಸ್ರೋ ಪಾಲಾಯಿತು. ಕೊಚ್ಚಿಯ ಫಿನಾಲ್ ಘಟಕವನ್ನು ಉಳಿಸಿಕೊಂಡರು.

ಚಿತ್ರ ಬದಲಾದದ್ದು ನಮ್ಮ ಭರೂಚ್ ಜಿಲ್ಲೆಯಲ್ಲಿ. ವಡೋದರಾ ಬಳಿಯ ನಂದೇಸರಿಯಲ್ಲಿ ಬೇರೂರಿದ ದೀಪಕ್ ನೈಟ್ರೈಟ್ ಸಂಸ್ಥೆಯ ಅಂಗಸಂಸ್ಥೆ ದೀಪಕ್ ಫಿನಾಲಿಕ್ಸ್, ದಹೇಜ್‌ನಲ್ಲಿ 2018ರ ನವೆಂಬರಿನಲ್ಲಿ ಉತ್ಪಾದನೆ ಆರಂಭಿಸಿತು. ಆರಂಭದ ಸಾಮರ್ಥ್ಯ ವರ್ಷಕ್ಕೆ ಎರಡು ಲಕ್ಷ ಟನ್ ಫಿನಾಲ್, 1.2 ಲಕ್ಷ ಟನ್ ಅಸಿಟೋನ್. ಕೊಚ್ಚಿಯಂಥ ಐದು ಘಟಕಗಳಿಗೆ ಇದೊಂದು ಸಮವಾಗಿತ್ತು. ದಹೇಜ್‌ನಲ್ಲಿ ಬಂದರಿದೆ, ಸುತ್ತ ಪೆಟ್ರೋಕೆಮಿಕಲ್ ಕಾರ್ಖಾನೆಗಳಿವೆ, ಕೊಳ್ಳುವವರು ಕೈಗೆಟಕುವ ದೂರದಲ್ಲಿದ್ದಾರೆ. ನಮ್ಮ ಕರ್ನಾಟಕದಲ್ಲಿ ಮಂಗಳೂರಿನ ರಿಫೈನರಿ ಸಮುಚ್ಚಯದಲ್ಲೂ ಬೆಂಜೀನ್ ತಯಾರಾಗುತ್ತದೆ. ಆದರೆ ಕಚ್ಚಾಮಾಲೊಂದೇ ಇದ್ದರೆ ಫಿನಾಲ್ ಆಗುವುದಿಲ್ಲ, ಕೊಳ್ಳುವ ಊರು ಹತ್ತಿರವಿರಬೇಕು.

ಅಷ್ಟೊಂದು ಹಿಂಡಿಯನ್ನು ಏನು ಮಾಡುವುದು? ಅಸಿಟೋನ್‌ನಿಂದ ಐಸೊಪ್ರೊಪೈಲ್ ಆಲ್ಕೊಹಾಲ್ ಮಾಡುವ ಘಟಕವನ್ನು ಅಲ್ಲೇ ಕಟ್ಟಿದರು. ಅದು ಶುರುವಾದದ್ದು 2020ರ ಏಪ್ರಿಲ್‌ನಲ್ಲಿ. ಆ ತಿಂಗಳು ನಾವೆಲ್ಲ ಮನೆಯೊಳಗೆ ಬೀಗ ಹಾಕಿಕೊಂಡು ಕೂತಿದ್ದೆವು, ಸ್ಯಾನಿಟೈಸರ್ ಬಾಟಲಿಗೆ ಮೆಡಿಕಲ್ ಸ್ಟೋರಿನ ಮುಂದೆ ಸಾಲು ನಿಲ್ಲುತ್ತಿದ್ದೆವು. ಆ ಸ್ಯಾನಿಟೈಸರಿಗೆ ಬಳಸುವ ಆಲ್ಕೊಹಾಲ್‌ಗಳಲ್ಲಿ ಇದೂ ಒಂದು. ಲಿಸ್ಟರ್ ಕೈ ತೊಳೆದದ್ದು ಫಿನಾಲ್‌ನಿಂದ. ನೂರೈವತ್ತು ವರ್ಷದ ಮೇಲೆ ನಾವು ಕೈ ಉಜ್ಜಿಕೊಂಡದ್ದು ಅದರ ಅವಳಿಯಿಂದ ಹುಟ್ಟಿದ್ದರಿಂದ.

ಒಂದು ಎಚ್ಚರಿಕೆಯ ಮಾತು. ಫಿನಾಲ್ ಚರ್ಮವನ್ನು ಸುಡುತ್ತದೆ, ಚರ್ಮದ ಮೂಲಕವೇ ಮೈಗಿಳಿದು ವಿಷವಾಗುತ್ತದೆ. ಕುಡಿಯುವ ನೀರಿನಲ್ಲಿ ಇದರ ಅಂಶ ಲೀಟರಿಗೆ 0.001 ಮಿಲಿಗ್ರಾಂ ದಾಟಬಾರದೆಂದು ಭಾರತೀಯ ಮಾನಕ ಹೇಳುತ್ತದೆ. ಕೈಗಾರಿಕೆ ತುಂಬಿದ ಜಿಲ್ಲೆಗಳಲ್ಲಿ ಬಾವಿ, ಬೋರ್‌ವೆಲ್ ನಂಬಿದವರು ಈ ಅಂಕಿಯನ್ನು ನೆನಪಿಟ್ಟುಕೊಂಡು ನೀರು ಪರೀಕ್ಷೆ ಮಾಡಿಸಿ.

ಅಜ್ಜನ ರೇಡಿಯೋ ವಿಷಯಕ್ಕೆ ಬಂದರೆ, ನಮ್ಮ ಎಂಜಿನಿಯರ್ ಮೂರು ವಾಲ್ವ್ ಬದಲಿಸಬೇಕು ಎಂದಿದ್ದಾರೆ. ಯಾರ ಮನೆಯ ಅಟ್ಟದಲ್ಲಾದರೂ ಹಳೆಯ ವಾಲ್ವ್‌ಗಳಿದ್ದರೆ ನಮಗೆ ಬರೆದು ತಿಳಿಸಿ. ಪೆಟ್ಟಿಗೆಗೆ ಏನೂ ಬೇಕಾಗಿಲ್ಲ.