ನಾಡಿಗ ಎಂಬ ಮನೆತನದ ಹೆಸರು: ಅದರ ಮೂಲವೂ ಗಣನೆಯೂ

ಶಿವಮೊಗ್ಗ ಜಿಲ್ಲೆಯ ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ಮನೆತನದ ಹೆಸರುಗಳಿಗೆ ಕೊರತೆಯಿಲ್ಲ. ಹೆಗಡೆ, ಭಟ್ಟ, ಜೋಯಿಸ, ಅಡಿಗ, ಉಡುಪ, ಶ್ಯಾನುಭೋಗ, ಗೌಡ ಎಂಬಿವು ಊರೂರಿನಲ್ಲಿಯೂ ಕೇಳಿಬರತಕ್ಕ ಹೆಸರುಗಳು. ಇವುಗಳ ನಡುವೆ ವಿರಳವಾಗಿ ದೊರೆಯುವ ಹೆಸರು ನಾಡಿಗ ಎಂಬುದು. ಈ ಹೆಸರು ಎಲ್ಲಿಂದ ಬಂದಿತು, ಇದನ್ನು ಹೊತ್ತವರು ಎಷ್ಟು ಮಂದಿ ಎಂಬ ಎರಡು ಪ್ರಶ್ನೆಗಳನ್ನು ಸಾಮಾನ್ಯವಾಗಿ ಬೇರೆ ಬೇರೆಯಾಗಿ ಕೇಳುವುದುಂಟು. ಆದರೆ ಮೊದಲನೆಯದಕ್ಕೆ ಉತ್ತರವನ್ನು ಕಂಡುಕೊಳ್ಳದೆ ಎರಡನೆಯದಕ್ಕೆ ಕೈಹಾಕಿದರೆ, ದೊರೆತ ಸಂಖ್ಯೆಯು ಯಾವುದರ ಸಂಖ್ಯೆ ಎಂಬುದೇ ಗೊತ್ತಾಗದೆ ಹೋಗುವುದು.

ಶಬ್ದರಚನೆಯಲ್ಲಿ ತೊಡಕೇನೂ ಇಲ್ಲ. ನಾಡು ಎಂಬ ಪ್ರಕೃತಿಗೆ ಇಗ ಎಂಬ ತದ್ಧಿತ ಪ್ರತ್ಯಯವು ಸೇರಿ ನಾಡಿಗ ಎಂದಾಗಿರುವುದು. ಕೇಶಿರಾಜನು ಶಬ್ದಮಣಿದರ್ಪಣದ ತದ್ಧಿತಪ್ರಕರಣದಲ್ಲಿ ಹೇಳಿರುವ ಈ ಪ್ರತ್ಯಯವು ಗಾಣಿಗ, ಲೆಕ್ಕಿಗ, ಕನ್ನಡಿಗ ಮುಂತಾದ ಶಬ್ದಗಳಲ್ಲಿ ಇಂದಿಗೂ ಜೀವಂತವಾಗಿದೆ. ನಾಡಿಯನ್ನು ನೋಡುವವನು ನಾಡಿಗ, ಆದುದರಿಂದ ಇದು ವೈದ್ಯರ ಮನೆತನದ ಹೆಸರು ಎಂದು ಯಾರಾದರೂ ವಾದಿಸಹೊರಟರೆ, ರೂಪವೊಂದನ್ನೇ ನೋಡಿ ಅವರನ್ನು ತಡೆಯುವಂತಿಲ್ಲ. ಆ ಪ್ರಕೃತಿಗೂ ಅದೇ ಪ್ರತ್ಯಯ ಸೇರಿದರೆ ಅದೇ ರೂಪವು ಸಿದ್ಧಿಸುವುದು. ನಿರ್ಣಯವನ್ನು ಕೊಡತಕ್ಕದ್ದು ಶಬ್ದದ ನೆಂಟರು. ಉತ್ತರಕರ್ನಾಟಕದಲ್ಲಿ ನಾಡಗೌಡ, ಕರಾವಳಿಯ ಮತ್ತು ಗೋವೆಯ ಸಾರಸ್ವತರಲ್ಲಿ ನಾಡಕರ್ಣಿ, ಮಹಾರಾಷ್ಟ್ರದ ಕಡೆಗೆ ದೇಶಪಾಂಡೆ ಎಂಬ ಹೆಸರುಗಳಿವೆ. ನಾಡಕರ್ಣಿ ಎಂಬುದು ನಾಡಿನ ಕರಣಿಕ. ಕುಲಕರ್ಣಿಯು ಗ್ರಾಮಕ್ಕೆ ಹೇಗೋ ನಾಡಕರ್ಣಿಯು ನಾಡಿಗೆ ಹಾಗೆ. ದೇಶ ಎಂದರೂ ನಾಡೆಂದೇ ಅರ್ಥ. ಇವೆಲ್ಲವೂ ಅಧಿಕಾರವಾಚಕಗಳು. ನಾಡಿಗನೆಂದರೆ ಗ್ರಾಮಗಳ ಸೇನಬೋವರ ಮೇಲೆ ಇದ್ದು ಇಡೀ ನಾಡಿನ ಲೆಕ್ಕವನ್ನು ಒಂದುಗೂಡಿಸುತ್ತಿದ್ದ ವಂಶಪಾರಂಪರ್ಯದ ಲೆಕ್ಕಿಗ ಎಂಬ ಅರ್ಥವು ಈ ಸಾಲಿನಲ್ಲಿ ತಾನಾಗಿಯೇ ನಿಲ್ಲುತ್ತದೆ. ವೈದ್ಯನೆಂಬ ಅರ್ಥಕ್ಕೆ ಇಂತಹ ನೆಂಟರೊಬ್ಬರೂ ಇಲ್ಲ. ನಾಡಿಯನ್ನು ನೋಡುವವನನ್ನು ಕನ್ನಡಿಗರು ನಾಡಿವೈದ್ಯನೆಂದೇ ಕರೆದಿರುವರು. (ಸೇನಬೋವ ಶಬ್ದವನ್ನು ಶ್ಯಾನುಭೋಗ ಎಂದು ಬರೆದು ಅದಕ್ಕೊಂದು ಸಂಸ್ಕೃತದ ಠೀವಿಯನ್ನು ತಂದುಕೊಟ್ಟಂತೆ ನಾಡಿಗ ಶಬ್ದಕ್ಕೆ ಯಾರೂ ಮಾಡದೆ ಬಿಟ್ಟಿರುವುದು ಭಾಷೆಯ ಭಾಗ್ಯವೇ ಸರಿ.)

ನಾಡು ಎಂಬ ವಿಭಾಗವು ಈ ಪ್ರದೇಶದಲ್ಲಿ ಬಹು ಪ್ರಾಚೀನವಾದುದು. ಹೊಂಬುಜದ ಸಾಂತರರು ಆಳಿದ ಸೀಮೆಗೆ ಸಾಂತಳಿಗೆ ಸಾಸಿರವೆಂದು ಹೆಸರು. ಅದರ ಉತ್ತರಕ್ಕೆ ಬನವಾಸಿ ಪನ್ನಿರ್ಚ್ಛಾಸಿರ. ಈ ಸಂಖ್ಯೆಗಳು ಗ್ರಾಮಗಳನ್ನು ಸೂಚಿಸುವುವೋ ಆದಾಯವನ್ನು ಸೂಚಿಸುವುವೋ ಎಂಬ ವಿಷಯದಲ್ಲಿ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವುಂಟು. ಪ್ರಕೃತ ವಿಷಯಕ್ಕೆ ಅದು ಬಾಧಕವಲ್ಲ. ವಿಜಯನಗರದ ಅರಸರ ಕಾಲದಲ್ಲಿ ಇಂದಿನ ತೀರ್ಥಹಳ್ಳಿ ತಾಲ್ಲೂಕಿನ ಆರಗವು ಹದಿನೆಂಟು ಕಂಪಣಗಳೊಡನೆ ಒಂದು ರಾಜ್ಯವಾಗಿದ್ದಿತು. ಸಾಗರ, ನಗರ, ತೀರ್ಥಹಳ್ಳಿ ತಾಲ್ಲೂಕುಗಳ ಶಾಸನಗಳನ್ನು ಬಿ. ಎಲ್. ರೈಸ್ ಅವರು 1904ರಲ್ಲಿ ಎಪಿಗ್ರಾಫಿಯ ಕರ್ನಾಟಕದ 8ನೆಯ ಸಂಪುಟದಲ್ಲಿ ಪ್ರಕಟಿಸಿದರು. ಈ ಸೀಮೆಯ ಶಾಸನಗಳನ್ನು ಓದುವವರಿಗೆ ನಾಡು, ಕಂಪಣ, ಗೌಡ, ಸೇನಬೋವ ಎಂಬ ಮಾತುಗಳು ಹೊಸವಲ್ಲ.

ಹೆಸರಿನ ವಿರಳತೆಗೆ ಕಾರಣವು ಇಲ್ಲಿಯೇ ಸಿಕ್ಕುವುದು. ಪ್ರತಿ ಗ್ರಾಮಕ್ಕೂ, ಅಥವಾ ಕೆಲವು ಗ್ರಾಮಗಳ ಗುಂಪಿಗೆ ಒಬ್ಬನಂತೆಯಾದರೂ, ಸೇನಬೋವನು ಬೇಕು. ನಾಡಿಗೆ ನಾಡಿಗನೊಬ್ಬನೇ ಸಾಕು. ಆರಗದ ಹದಿನೆಂಟು ಕಂಪಣಗಳಲ್ಲಿ ಒಂದೊಂದಕ್ಕೂ ಇಂತಹ ಲೆಕ್ಕಿಗನೊಬ್ಬನಿದ್ದನೆಂದು ಇಟ್ಟುಕೊಂಡರೂ ಇಡೀ ರಾಜ್ಯದಲ್ಲಿ ಹದಿನೆಂಟು ಮನೆಗಳಿಗಿಂತ ಹೆಚ್ಚಾಗಲಾರದು. ಆ ಕಂಪಣಗಳೊಳಗಿನ ಹಳ್ಳಿಗಳಾದರೋ ನೂರಾರು. ಶ್ಯಾನುಭೋಗರ ಮನೆಗಳು ಹೆಚ್ಚಾಗಿಯೂ ನಾಡಿಗರ ಮನೆಗಳು ಕಡಿಮೆಯಾಗಿಯೂ ಇರುವುದು ವಂಶಗಳ ಏಳುಬೀಳಿನಿಂದಲ್ಲ, ಅಧಿಕಾರದ ಏರ್ಪಾಡಿನಿಂದಲೇ ಬಂದದ್ದು ಎಂದು ಇದರಿಂದ ವ್ಯಕ್ತವಾಗುವುದು.

ಇದರಿಂದಲೇ ಇನ್ನೊಂದು ಸಂಗತಿಯೂ ಸಿದ್ಧವಾಗುತ್ತದೆ. ಒಂದೊಂದು ನಾಡಿನಲ್ಲಿಯೂ ಈ ಹೆಸರು ಪ್ರತ್ಯೇಕವಾಗಿ ಹುಟ್ಟಿರಬೇಕು. ವಿರಳವಾದ ಹೆಸರನ್ನು ಕಂಡೊಡನೆ ಅದನ್ನು ಹೊತ್ತವರೆಲ್ಲರೂ ಒಬ್ಬ ಮೂಲಪುರುಷನ ಸಂತತಿಯವರೆಂದು ತಿಳಿಯುವುದು ಸಹಜ. ಅಂತಹ ವಂಶವೃಕ್ಷಗಳನ್ನು ಬರೆಯಿಸಿಕೊಳ್ಳುವ ಆಸೆಯೂ ಸಹಜವೇ. ಆದರೆ ಉದ್ಯೋಗದಿಂದ ಬಂದ ಹೆಸರು ರಕ್ತಸಂಬಂಧಕ್ಕೆ ಪ್ರಮಾಣವಾಗಲಾರದು. ಪರೀಕ್ಷೆ ಮಾಡಬೇಕೆನ್ನುವವರಿಗೆ ಗೋತ್ರವೆಂಬ ಒರೆಗಲ್ಲು ಇದ್ದೇ ಇದೆ. ಒಂದೇ ಹೆಸರಿನ ಎರಡು ಮನೆಗಳ ಗೋತ್ರಗಳು ಬೇರೆಯಾಗಿದ್ದರೆ ಮೂಲಪುರುಷನೂ ಬೇರೆ. ದತ್ತಕದಿಂದ ಗೋತ್ರವು ಬದಲಾಗಿರಬಾರದೇಕೆ ಎಂಬ ಆಕ್ಷೇಪಣೆಯು ಇಲ್ಲಿ ನಿಲ್ಲದು: ದತ್ತಪುತ್ರನಿಗೆ ಜನಕನ ಗೋತ್ರವೂ ರಿಕ್ಥವೂ ಸಲ್ಲವೆಂದು ಮನುವು ಒಂಬತ್ತನೆಯ ಅಧ್ಯಾಯದಲ್ಲಿ ವಿಧಿಸಿರುವನು. ದತ್ತಕನು ಹೊಕ್ಕ ಮನೆಯ ಗೋತ್ರವನ್ನೇ ಪಡೆಯುವುದರಿಂದ ಆ ಮನೆಯಲ್ಲಿ ಹೆಸರೂ ಗೋತ್ರವೂ ಜೊತೆಯಾಗಿಯೇ ಉಳಿಯುವುವು. ಗೋತ್ರವು ಒಂದೇ ಆಗಿದ್ದ ಮಾತ್ರಕ್ಕೆ ವಂಶವೂ ಒಂದೇ ಎನ್ನುವುದಕ್ಕಾಗುವುದಿಲ್ಲವೆಂಬುದನ್ನೂ ಮರೆಯಬಾರದು; ಕಾಶ್ಯಪ, ಭಾರದ್ವಾಜ ಗೋತ್ರಗಳವರು ನಾಡೆಲ್ಲ ಹರಡಿಕೊಂಡಿರುವರು.

ಕೆಳದಿಯ ನಾಯಕರ ಆಳ್ವಿಕೆಯಲ್ಲಿ ಲೆಕ್ಕಪತ್ರಗಳಿಗೆ ದೊರೆತ ಪ್ರಾಶಸ್ತ್ಯವು ಬಹಳ. ಶಿವಪ್ಪನಾಯಕನು (1645–1660) ಗೊತ್ತುಮಾಡಿದ ಕಂದಾಯದ ಕ್ರಮವು ಶಿಸ್ತು ಎಂಬ ಹೆಸರಿನಿಂದ ಪ್ರಖ್ಯಾತವಾಗಿದೆ. ಪ್ರತಿ ಬಗೆಯ ಭೂಮಿಯಲ್ಲಿಯೂ ಕೆಲವು ಗದ್ದೆಗಳನ್ನು ಆರಿಸಿ ಹನ್ನೆರಡು ವರ್ಷ ಸರಕಾರದಿಂದಲೇ ಸಾಗುಮಾಡಿಸಿ, ಬಿತ್ತಿದುದನ್ನೂ ಬೆಳೆದುದನ್ನೂ ಬರೆಯಿಸಿ, ಆ ಮೇಲೆ ಶಿಸ್ತನ್ನು ಕಟ್ಟಿದನೆಂಬ ಹೇಳಿಕೆಯುಂಟು. ಹನ್ನೆರಡು ವರ್ಷಗಳ ಮಾತು ಹೇಗೇ ಇರಲಿ, ಕಡತಗಳಲ್ಲಿ ಬಳಪದಿಂದ ಬರೆದಿಡುವ ಲೆಕ್ಕಿಗರ ಒಂದು ವರ್ಗವು ಗಟ್ಟಿಯಾಗಿ ನೆಲೆಗೊಂಡಿರದೆ ಅಂತಹ ಏರ್ಪಾಡು ನಡೆಯಲಾರದು. 1763ರಲ್ಲಿ ಹೈದರಲಿಯು ಬಿದನೂರನ್ನು ಹಿಡಿದು ಹೈದರನಗರವೆಂದು ಹೆಸರಿಟ್ಟನು. 1830–31ರ ನಗರದ ದಂಗೆಯ ತರುವಾಯ ಮೈಸೂರು ಸಂಸ್ಥಾನವೇ ಬ್ರಿಟಿಷ್ ಕಮಿಷನರುಗಳ ಕೈಸೇರಿತು. ತಾಲ್ಲೂಕಿಗೆ ಅಮಲ್ದಾರ, ಹೋಬಳಿಗೆ ಶೇಕದಾರ ಎಂದು ಸಂಬಳದ ಅಧಿಕಾರಿಗಳು ಬಂದಮೇಲೆ ನಾಡಿಗನಿಗೆ ಮಾಡತಕ್ಕ ಕೆಲಸವು ಉಳಿಯಲಿಲ್ಲ. ಶ್ಯಾನುಭೋಗಿಕೆಯಾದರೋ ಗ್ರಾಮೋದ್ಯೋಗಗಳನ್ನು ರದ್ದುಮಾಡಿದ 1961ರ ಶಾಸನವು 1963ರಲ್ಲಿ ಜಾರಿಗೆ ಬರುವವರೆಗೂ ವಂಶಪಾರಂಪರ್ಯವಾಗಿ ನಡೆಯಿತು. ಒಂದು ಹೆಸರಿನ ಹಿಂದೆ ಉದ್ಯೋಗವೂ ಉಂಬಳಿಯೂ ಬಹುಕಾಲ ನಿಂತಿದ್ದುವು. ಇನ್ನೊಂದರ ಹಿಂದೆ ನೆನಪು ಮಾತ್ರ.

ಇನ್ನು ಗಣನೆಯ ವಿಚಾರ. ಮೈಸೂರು ಸಂಸ್ಥಾನದ ಮೊದಲನೆಯ ಕ್ರಮಬದ್ಧವಾದ ಖಾನೇಷುಮಾರಿಯು 1871ರಲ್ಲಿ ನಡೆಯಿತು. ಆಗ ಜನಸಂಖ್ಯೆ 50,55,412. ಹತ್ತು ವರ್ಷಗಳ ಮೇಲೆ 1881ರಲ್ಲಿ ಅದು 41,86,188ಕ್ಕೆ ಇಳಿದಿದ್ದಿತು. ನಡುವೆ ಬಂದ 1876–78ರ ಕ್ಷಾಮವು ಎಂಟೂವರೆ ಲಕ್ಷಕ್ಕೂ ಮಿಗಿಲಾದ ಕೊರತೆಯನ್ನು ತಂದಿತ್ತು. ಹಾವಳಿಯು ಮೈದಾನ ಸೀಮೆಯಲ್ಲಿ ಹೆಚ್ಚು, ಮಲೆನಾಡಿನಲ್ಲಿ ಕಡಿಮೆ. ಮಲೆನಾಡನ್ನು ಸವೆಯಿಸಿದುದು ಚಳಿಜ್ವರ. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಅದರಿಂದ ಹಾಳುಬಿದ್ದ ಮನೆಗಳು ಅನೇಕ. ಈ ಖಾನೇಷುಮಾರಿಗಳಲ್ಲಿ ಜಾತಿಗಳ ಪಟ್ಟಿಯಿದೆ, ಕಸುಬುಗಳ ಪಟ್ಟಿಯಿದೆ, ಭಾಷೆಗಳ ಪಟ್ಟಿಯಿದೆ. ಭಾರತದಾದ್ಯಂತ ಜಾತಿವಾರು ಪಟ್ಟಿಗಳು 1931ರವರೆಗೂ ಪೂರ್ಣವಾಗಿ ಪ್ರಕಟವಾದುವು. ಮನೆತನದ ಹೆಸರುಗಳ ಪಟ್ಟಿಯನ್ನು ಮಾತ್ರ ಯಾವ ಖಾನೇಷುಮಾರಿಯೂ ಕೊಡಲಿಲ್ಲ. ಅಮೆರಿಕದ ಸಂಯುಕ್ತಸಂಸ್ಥಾನದಲ್ಲಿ 2000 ಮತ್ತು 2010ರ ಗಣತಿಗಳಿಂದ, ನೂರು ಮಂದಿಗೆ ಕಡಿಮೆಯಿಲ್ಲದೆ ದೊರೆತ ಹೆಸರುಗಳನ್ನೆಲ್ಲ ಸಂಖ್ಯೆಯೊಡನೆ ಪ್ರಕಟಿಸಿದರು. ಅಂತಹ ಪಟ್ಟಿಯಲ್ಲಿಯೂ ನಿಜವಾಗಿ ವಿರಳವಾದ ಹೆಸರು ನೂರರ ಗೆರೆಯ ಕೆಳಗೆ ಮರೆಯಾಗುವುದು.

ಪಟ್ಟಿಯಿದ್ದರೂ ಕನ್ನಡಿಗರ ಹೆಸರನ್ನು ಎಣಿಸುವುದು ಸುಲಭವಲ್ಲ. ಸಾಹಿತ್ಯದ ಅಧ್ಯಾಪಕರಿಗೆ ಪರಿಚಿತವಾದ ಮೂವರನ್ನು ನೋಡಬಹುದು. ಹಾಸ್ಯಲೇಖಕರಾದ ನಾಡಿಗೇರ ಕೃಷ್ಣರಾಯರು, ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಪತ್ರಿಕೋದ್ಯಮವನ್ನು ಬೋಧಿಸಿದ ನಾಡಿಗ ಕೃಷ್ಣಮೂರ್ತಿಯವರು, ಕವಿಗಳಾದ ಸುಮತೀಂದ್ರ ನಾಡಿಗರು (1935–2018). ಮೊದಲಿಬ್ಬರಲ್ಲಿ ಮನೆತನದ ಹೆಸರು ಮುಂದೆ ಬಂದಿದೆ, ಮೂರನೆಯವರಲ್ಲಿ ಹಿಂದೆ. ಕೊನೆಯ ಪದವನ್ನೇ ಮನೆತನದ ಹೆಸರೆಂದು ಹಿಡಿದು ಎಣಿಸುವವನಿಗೆ ಮೂವರಲ್ಲಿ ಒಬ್ಬರು ಮಾತ್ರ ಸಿಕ್ಕುವರು; ಮಿಕ್ಕವರು ರಾಯರ, ಮೂರ್ತಿಗಳ ಗುಂಪಿಗೆ ಸೇರಿಹೋಗುವರು. ಗ್ರಂಥಾಲಯದ ಸೂಚಿಗಳಲ್ಲಿ ಒಬ್ಬ ಲೇಖಕನೇ ಎರಡೆಡೆಯಲ್ಲಿ ನಿಲ್ಲುವುದಕ್ಕೂ ಇದೇ ಕಾರಣ. ನಾಡಿಗೇರ ಎಂಬುದು ಬೇರೆ ಹೆಸರಲ್ಲ. ಬಡಿಗ ಎಂಬುದು ಉತ್ತರದಲ್ಲಿ ಬಡಿಗೇರ ಎಂದಾಗುವಂತೆ, ನಾಡಿಗರ ಮನೆಯವರು ಎಂಬ ಅರ್ಥದ ಬಹುವಚನ ಷಷ್ಠಿಯ ರೂಪವದು. ರೋಮನ್ ಲಿಪಿಗೆ ಬಂದಾಗ ಕೆಲವರು ಕೊನೆಯ ಅಕಾರವನ್ನು ಬಿಟ್ಟು ನಾಡಿಗ್ ಎಂದು ಬರೆಯುವರು, ಕೆಲವರು ಉಳಿಸಿಕೊಳ್ಳುವರು. ಒಂದೇ ಶಬ್ದವು ಹೀಗೆ ಮೂರು ಹೆಸರಾಗಿ ಒಡೆದು, ವಿರಳವಾದುದು ಮತ್ತಷ್ಟು ವಿರಳವಾಗಿ ಕಾಣುವುದು. ಹಳೆಯ ಮೈಸೂರಿನಲ್ಲಿ ಮನೆತನದ ಹೆಸರನ್ನು ಬರಿಯ ಮೊದಲಕ್ಷರಕ್ಕೆ ಇಳಿಸಿಬಿಡುವ ವಾಡಿಕೆಯು ಇದಕ್ಕಿಂತ ದೊಡ್ಡ ತೊಡಕು. ನಾ. ಎಂಬ ಅಕ್ಷರದ ಹಿಂದೆ ನಾಡಿಗನೂ ಇರಬಹುದು, ನಾಗಮಂಗಲವೂ ಇರಬಹುದು, ತಂದೆಯಾದ ನಾರಾಯಣನೂ ಇರಬಹುದು.

ಊರ ಹೆಸರನ್ನೇ ಮನೆತನದ ಹೆಸರಾಗಿ ಇಟ್ಟುಕೊಂಡವರ ಗತಿಯನ್ನು ಇದರೊಡನೆ ಹೋಲಿಸಬಹುದು. ಕೊಡಚಾದ್ರಿಯ ಮಗ್ಗುಲಲ್ಲಿ, ನಗರದಿಂದ ಕೊಲ್ಲೂರಿಗೆ ಇಳಿಯುವ ದಾರಿಯಲ್ಲಿರುವ ಹೊಸನಗರ ತಾಲ್ಲೂಕಿನ ನಿಟ್ಟೂರನ್ನು ತೆಗೆದುಕೊಳ್ಳೋಣ. ನಿಡಿದು ಎಂಬುದಕ್ಕೆ ಉಸಿರು ಪರವಾದಾಗ ನಿಟ್ಟುಸಿರು, ಎಲುಬು ಪರವಾದಾಗ ನಿಟ್ಟೆಲುಬು ಆಗುವಂತೆ ಊರು ಪರವಾದಾಗ ನಿಟ್ಟೂರು. ನೀಳವಾದ ಊರು ಎಂದರ್ಥ. ಕಣಿವೆಯುದ್ದಕ್ಕೂ ಮನೆಗಳು ಒಂದೊಂದಾಗಿ ಚಾಚಿಕೊಳ್ಳುವ ಮಲೆನಾಡಿಗೆ ಈ ಹೆಸರು ಚೆನ್ನಾಗಿ ಒಪ್ಪುವುದು. ಆದರೆ ನೀಳವಾದ ಊರು ಮಲೆನಾಡಿನಲ್ಲಿ ಮಾತ್ರ ಇರಬೇಕೆಂಬ ನಿಯಮವಿಲ್ಲ. ಗುಬ್ಬಿಯ ತಾಲ್ಲೂಕಿನಲ್ಲೊಂದು ನಿಟ್ಟೂರಿದೆ. ಬಳ್ಳಾರಿ ಸೀಮೆಯ ಸಿರುಗುಪ್ಪ ತಾಲ್ಲೂಕಿನಲ್ಲಿ, 1977ರಲ್ಲಿ ಅಶೋಕನ ಹೆಸರನ್ನುಳ್ಳ ಶಾಸನವು ದೊರೆತ ನಿಟ್ಟೂರು ಇನ್ನೊಂದು. ಮೈಸೂರಿನ ಉಚ್ಚ ನ್ಯಾಯಾಲಯದ ಮುಖ್ಯ ನ್ಯಾಯಾಧೀಶರಾಗಿದ್ದ ನಿಟ್ಟೂರು ಶ್ರೀನಿವಾಸರಾಯರಂತಹವರ (1903–2004) ಹೆಸರನ್ನು ಕೇಳಿದ ಮಾತ್ರಕ್ಕೆ ಯಾವ ನಿಟ್ಟೂರೆಂದು ನಿರ್ಣಯಿಸುವಂತಿಲ್ಲ. ಅಧಿಕಾರದ ಹೆಸರು ಹಲವು ನಾಡುಗಳಲ್ಲಿ ಹುಟ್ಟಿದಂತೆ ಊರ ಹೆಸರೂ ಹಲವು ಸೀಮೆಗಳಲ್ಲಿ ಹುಟ್ಟುವುದು.

ವಿರಳವಾದ ಹೆಸರುಗಳು ಅಳಿಯುವ ಬಗೆಯನ್ನು ಯೂರೋಪಿನ ಗಣಿತಜ್ಞರು ವಿಚಾರಿಸಿದ್ದುಂಟು. ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ ಎಂಬುವರು 1873ರಲ್ಲಿ ಈ ಪ್ರಶ್ನೆಯನ್ನೆತ್ತಿದರು, ಎಚ್. ಡಬ್ಲ್ಯು. ವಾಟ್ಸನ್ ಎಂಬ ಪಾದ್ರಿಯು ಉತ್ತರವನ್ನು ಬರೆದನು. 1874ರಲ್ಲಿ ಇಬ್ಬರೂ ಕೂಡಿ ಒಂದು ಪ್ರಬಂಧವನ್ನು ಮಂಡಿಸಿದರು. ಗಂಡುಮಕ್ಕಳ ಮೂಲಕವೇ ಹೆಸರು ಸಾಗುವುದಾದರೆ, ಕ್ಷಾಮಡಾಮರಗಳಿಲ್ಲದೆಯೇ, ಕೇವಲ ಕೆಲವರಿಗೆ ಗಂಡುಸಂತಾನವಿಲ್ಲದಿರುವ ಆಕಸ್ಮಿಕದಿಂದಲೇ ಮನೆತನಗಳು ಒಂದೊಂದಾಗಿ ಅಳಿಯುವುವೆಂದು ಅವರು ತೋರಿಸಿದರು. ಎಲ್ಲ ಹೆಸರುಗಳೂ ಕೊನೆಗೆ ಅಳಿದೇ ತೀರುವುವೆಂದು ವಾಟ್ಸನನು ಹೇಳಿದ ಮಾತು ಅತಿಯಾಯಿತೆಂದು ಮುಂದಿನವರು ತಿದ್ದಿದರು. ಹಲವು ನೂರು ಮನೆಗಳ ಶ್ಯಾನುಭೋಗರಿಗೆ ಇದರ ಭಯವಿಲ್ಲ. ಹತ್ತಿಪ್ಪತ್ತು ಮನೆಗಳಿಂದ ಹೊರಟ ಹೆಸರಿಗೆ ಉಂಟು. ಆದರೆ ಈ ಲೆಕ್ಕವನ್ನು ಇಲ್ಲಿಗೆ ತರುವಾಗ ಒಂದು ಅಂಶವನ್ನು ಕೂಡಿಸಿಕೊಳ್ಳಬೇಕು. ಗಂಡುಸಂತಾನವಿಲ್ಲದವನು ದತ್ತಕವನ್ನು ಸ್ವೀಕರಿಸಬೇಕೆಂಬ ಧರ್ಮಶಾಸ್ತ್ರದ ಆದರವು ಪಿಂಡೋದಕಗಳಿಗಾಗಿ ಏರ್ಪಟ್ಟದ್ದಾದರೂ ಮನೆತನದ ಹೆಸರನ್ನೂ ಕಾಪಾಡಿತು. ಗಾಲ್ಟನ್ನನ ಗಣಿತದಲ್ಲಿ ದತ್ತಪುತ್ರನಿಗೆ ಸ್ಥಳವಿಲ್ಲ. ಘಟ್ಟದ ಕೆಳಗೆ ಅಳಿಯಸಂತಾನವನ್ನು ಅನುಸರಿಸುವವರಲ್ಲಿ ಬಳಿಯು ತಾಯಿಯ ಕಡೆಯಿಂದ ಬರುವುದರಿಂದ ಅಲ್ಲಿ ಈ ಲೆಕ್ಕವನ್ನೇ ತಲೆಕೆಳಗು ಮಾಡಬೇಕಾಗುವುದು.

ಆದುದರಿಂದ ಈ ಹೆಸರನ್ನು ಎಣಿಸಹೊರಡುವವರು ತಲೆಗಳನ್ನಲ್ಲ, ಮನೆಗಳನ್ನು ಎಣಿಸಬೇಕು. ಪ್ರತಿ ಮನೆಗೂ ಗೋತ್ರ, ಸೂತ್ರ, ಮೂಲದ ಊರು, ಉಂಬಳಿಯ ಭೂಮಿ, ದೇವಸ್ಥಾನದಲ್ಲಿ ಸಲ್ಲುವ ಮರ್ಯಾದೆ ಇವನ್ನು ಬರೆದುಕೊಂಡು, ಯಾವ ನಾಡಿನ ನಾಡಿಗರೆಂಬುದನ್ನು ಗೊತ್ತುಮಾಡಬೇಕು. ಶ್ರಾದ್ಧದ ಸಂಕಲ್ಪದಲ್ಲಿ ಮೂರು ತಲೆಮಾರಿನ ಹೆಸರುಗಳು ಬಾಯಲ್ಲಿಯೇ ಇರುತ್ತವೆ. ಅದಕ್ಕಿಂತ ಹಿಂದಕ್ಕೆ ಹೋಗುವುದಕ್ಕೆ ಕಡತ, ಸನ್ನದು, ಕಂದಾಯದ ಪುಸ್ತಕಗಳೇ ಗತಿ. ಶರಾವತಿಯ ಸೀಮೆಯಲ್ಲಿ ಈ ಕೆಲಸವು ಮೊದಲು ಆಗತಕ್ಕದ್ದು. 1948ರಲ್ಲಿ ಮುಗಿದ ಹಿರೇಭಾಸ್ಕರದ ಕಟ್ಟೆ, 1964ರಲ್ಲಿ ಮುಗಿದ ಲಿಂಗನಮಕ್ಕಿಯ ಕಟ್ಟೆ, ಇವೆರಡರ ಹಿನ್ನೀರಿನಲ್ಲಿ ಸಾಗರ, ಹೊಸನಗರ ತಾಲ್ಲೂಕುಗಳ ಹಳ್ಳಿಗಳು ಅನೇಕ ಮುಳುಗಿಹೋದುವು. ಅಲ್ಲಿಯ ಒಕ್ಕಲುಗಳು ಚದರಿ ಬೇರೆ ಸೀಮೆಗಳಲ್ಲಿ ನೆಲೆಸಿದುವು. ಮನೆಯನ್ನು ಬಿಡುವಾಗ ಜನರು ಪಾತ್ರೆಪದಾರ್ಥಗಳನ್ನೂ ದೇವರ ಪೆಟ್ಟಿಗೆಯನ್ನೂ ಹೊತ್ತರು. ಅಟ್ಟದ ಮೇಲಿನ ಕಡತಗಳನ್ನು ಹೊತ್ತವರು ಎಲ್ಲರೂ ಅಲ್ಲ. ಹಾಗೆ ಹೊತ್ತು ತಂದವರ ಮನೆಗಳಲ್ಲಿ ಇನ್ನೂ ಉಳಿದಿರತಕ್ಕ ಕಡತಗಳ ಬಳಪದ ಅಕ್ಷರವು ಒದ್ದೆಯ ಬಟ್ಟೆ ಸೋಕಿದರೆ ಅಳಿಸಿಹೋಗುವಂತಹುದು. ಅವುಗಳ ಪ್ರತಿಯನ್ನು ಬೇಗನೆ ಮಾಡಿಸಿಡಬೇಕಾಗಿದೆ.