ಮನೆಗೆ ಬಂದ ಎದುರಾಳಿ

ಚದುರಂಗ ಇಬ್ಬರ ಆಟ. ಎದುರು ಕೂರುವವರು ಸಿಗದಾಗ ಆಟಗಾರನು ಏನು ಮಾಡಬೇಕೆಂಬುದು ಈ ಆಟದಷ್ಟೇ ಹಳೆಯ ತೊಡಕು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು 1831ರಲ್ಲಿ ಆಡಳಿತವು ಬ್ರಿಟಿಷರ ಕೈಸೇರಿದ ಮೇಲೆ ವಿದ್ಯಾವಿನೋದಗಳಲ್ಲಿ ಮನಸ್ಸಿಟ್ಟರು. 64 ಮನೆಗಳನ್ನೂ ಒಂದೊಂದೇ ಸಲ ಮುಟ್ಟಿಬರುವ ಕುದುರೆಯ ನಡೆಗಳನ್ನು ರಚಿಸಿದರು. ಅದು ಒಬ್ಬನೇ ಆಡಬಹುದಾದ ಚದುರಂಗ. ಕಾವ್ಯಮೀಮಾಂಸೆಯನ್ನು ಓದಿದವರಿಗೆ ಈ ನಡೆ ಹೊಸದಲ್ಲ. ಒಂಬತ್ತನೆಯ ಶತಮಾನದ ರುದ್ರಟನು ಅದನ್ನು ‘ತುರಗಪದ’ವೆಂಬ ಚಿತ್ರಬಂಧವಾಗಿಸಿ ಶ್ಲೋಕದಲ್ಲಿ ಹೂಡಿದ್ದಾನೆ. ಆದರೆ ಬಂಧವು ಎದುರಾಡುವುದಿಲ್ಲ. ಎದುರಾಡುವ ವಸ್ತುವೊಂದು ಸಾಮಾನ್ಯರ ಮನೆಗೆ ಬಂದ ಕಥೆ ತೀರ ಈಚಿನದು.

ಯಂತ್ರವು ಚದುರಂಗವನ್ನು ಹೇಗೆ ಆಡಬಹುದೆಂಬುದನ್ನು ಅಮೆರಿಕದ ಕ್ಲಾಡ್ ಶಾನನ್ 1950ರಲ್ಲಿ ಪ್ರಕಟವಾದ ಲೇಖನದಲ್ಲಿ ವಿವರಿಸಿದನು. ಒಂದು ಸ್ಥಿತಿಯಲ್ಲಿ ಸುಮಾರು 30 ನಡೆಗಳು ಸಾಧ್ಯ. ಪ್ರತಿಯೊಂದಕ್ಕೂ ಅಷ್ಟೇ ಉತ್ತರಗಳು. ನಾನು ಒಮ್ಮೆ, ನೀವು ಒಮ್ಮೆ ಆಡುವಷ್ಟರಲ್ಲಿ ಸಾವಿರದ ಹತ್ತಿರ ಕವಲುಗಳು. ಎಲ್ಲವನ್ನೂ ಕೊನೆಮುಟ್ಟ ನೋಡುವುದು ಯಾವ ಯಂತ್ರಕ್ಕೂ ಆಗದ ಮಾತು. ಆದುದರಿಂದ ಕೆಲವು ನಡೆಗಳ ಆಳಕ್ಕೆ ಇಳಿದು, ಅಲ್ಲಿ ಕಾಯಿಗಳ ಬೆಲೆ ಕೂಡಿಸಿ, ಎದುರಾಳಿಯು ತನಗೆ ಮೇಲಾದುದನ್ನೇ ಆಡುವನೆಂದು ಭಾವಿಸಿ ಒಂದನ್ನು ಆರಿಸಬೇಕು. ಮುಂದೆ ಬಂದ ತಂತ್ರಾಂಶಗಳೆಲ್ಲ ಬಹುಮಟ್ಟಿಗೆ ಈ ದಾರಿಯಲ್ಲೇ ನಡೆದವು.

ಕದ್ರಿಯ ಗುಡ್ಡದಲ್ಲಿ ನಮ್ಮ ಆಕಾಶವಾಣಿ ಆರಂಭವಾದುದು 1976ರಲ್ಲಿ. ಅದೇ ವರ್ಷ ಕೆನಡಾದ ಪೀಟರ್ ಜೆನ್ನಿಂಗ್ಸ್ ಎಂಬಾತ ‘ಮೈಕ್ರೋಚೆಸ್’ ಎಂಬ ತಂತ್ರಾಂಶವನ್ನು ಮಾರತೊಡಗಿದನು. ಅದು ನಡೆದ ಕಿಮ್-1 ಯಂತ್ರಕ್ಕೆ ಪರದೆಯಿಲ್ಲ. ಆರು ಅಂಕಿ ತೋರುವ ಕಿಂಡಿ, ಕೆಲವು ಗುಂಡಿಗಳು, ಒಂದು ಕಿಲೋಬೈಟಿನಷ್ಟು ನೆನಪು, ಇಷ್ಟೇ. ಕೊಂಡವನಿಗೆ ಸಿಗುತ್ತಿದ್ದುದು ಅಚ್ಚಾದ ಅಂಕಿಗಳ ಪಟ್ಟಿ. ಅದನ್ನು ಒಂದೊಂದಾಗಿ ಒತ್ತಿ, ಮಗ್ಗುಲಲ್ಲಿ ಮರದ ಹಲಗೆಯಿಟ್ಟು, ಯಂತ್ರದ ನಡೆಯನ್ನೂ ತಾನೇ ನಡೆಸಬೇಕಿತ್ತು. ಆಟ ಸಾಧಾರಣವೇ; ಆದರೂ ಜನ ಕೊಂಡರು. ಎರಡು ವರ್ಷಗಳ ಬಳಿಕ ಸ್ಪ್ರ್ಯಾಕ್ಲೆನ್ ದಂಪತಿಗಳ ‘ಸಾರ್ಗಾನ್’ ಬಂದಿತು. ಅದರ ಪೂರ್ತಿ ಪಾಠ ಪುಸ್ತಕವಾಗಿ ಅಚ್ಚಾಯಿತು. ಇನ್ನೊಬ್ಬ ಡೇವಿಡ್ ಹಾರ್ನ್ ಕೇವಲ 672 ಬೈಟುಗಳಲ್ಲಿ ಆಟವನ್ನು ಅಡಕಮಾಡಿದ. ರಾಜನು ಕೋಟೆ ಸೇರುವ ನಡೆಗೆ, ಕಾಲಾಳು ಮಂತ್ರಿಯಾಗುವುದಕ್ಕೆ ಅದರಲ್ಲಿ ಜಾಗವಿರಲಿಲ್ಲ! ಸೂತ್ರ ಬರೆದ ನಮ್ಮ ಶಾಸ್ತ್ರಕಾರರು ಅರ್ಧಮಾತ್ರೆ ಉಳಿಸಿ ಹಿಗ್ಗುತ್ತಿದ್ದರಂತೆ. ಈತನ ಹಿಗ್ಗೂ ಅದೇ ಜಾತಿಯದು.

ಆ ಎದುರಾಳಿಗಳನ್ನು ಸೋಲಿಸಬಹುದಿತ್ತು. ಬೆಲೆಯಿದ್ದುದು ಅದಕ್ಕೇ ಎಂದು ನನ್ನ ಅನಿಸಿಕೆ. 1994ರಲ್ಲಿ ಲಂಡನ್ನಿನಲ್ಲಿ, ಮೇಜಿನ ಮೇಲಿಡುವ ಕಂಪ್ಯೂಟರಿನಲ್ಲಿ ನಡೆಯುತ್ತಿದ್ದ ‘ಚೆಸ್ ಜೀನಿಯಸ್’ ಶೀಘ್ರ ಆಟದಲ್ಲಿ ಕಾಸ್ಪರೋವನನ್ನೇ ಕೆಡವಿತು. ಡೀಪ್ ಬ್ಲೂ 1997ರಲ್ಲಿ ಅವನನ್ನು ಗೆದ್ದುದನ್ನು ಲೋಕವೆಲ್ಲ ಕೊಂಡಾಡಿತು. ಆದರೆ ಅದು ಕೋಣೆ ತುಂಬುವ ಯಂತ್ರ, ಮನೆಯದಲ್ಲ. ನಮಗೆ ಹತ್ತಿರದ ಸುದ್ದಿ ಮರುವರ್ಷದ್ದು. ವಿಶ್ವನಾಥನ್ ಆನಂದರು ‘ರೆಬೆಲ್’ ಎಂಬ ಡಚ್ ತಂತ್ರಾಂಶಕ್ಕೆ 3–5ರಿಂದ ಸೋತರು. ನಿಧಾನವಾಗಿ ಆಡಿದ ಎರಡು ಆಟಗಳಲ್ಲಿ ಮಾತ್ರ ಅವರದೇ ಮೇಲುಗೈ.

2008ರಲ್ಲಿ ಹುಟ್ಟಿದ ‘ಸ್ಟಾಕ್‌ಫಿಶ್’ ಯಾರಿಗೂ ಬಿಟ್ಟಿಯಾಗಿ ಸಿಗುವಂಥದು. ಹೆಸರಿನ ಅರ್ಥ ಒಣಮೀನು. ಮೂಲವನ್ನು ಬರೆದಾತ ನಾರ್ವೆಯವನು, ಅದನ್ನು ತಿದ್ದಿ ಬೆಳೆಸಿದಾತ ಇಟಲಿಯವನು. ನಾರ್ವೆಯಲ್ಲಿ ಹಿಡಿದುದನ್ನು ಇಟಲಿಯಲ್ಲಿ ಬೇಯಿಸಿದರೆಂಬುದು ವಿನೋದ. ಒಣಮೀನಿನ ಮಹಿಮೆಯನ್ನು ಮಂಗಳೂರಿನವರಿಗೆ ಬೇರೆಯವರು ಹೇಳಿಕೊಡಬೇಕಿಲ್ಲ! 2020ರಲ್ಲಿ ಅದಕ್ಕೆ, ಅಸಂಖ್ಯ ಸ್ಥಿತಿಗಳನ್ನು ನೋಡಿ ತಾನೇ ಬೆಲೆಕಟ್ಟಲು ಕಲಿತ ನರಜಾಲವೊಂದು ಸೇರಿತು. ಇಂದು ಅಂಗೈಯ ಫೋನಿನಲ್ಲಿರುವ ಆ ತಂತ್ರಾಂಶವನ್ನು ಗೆಲ್ಲಬಲ್ಲ ಮನುಷ್ಯನಿಲ್ಲ. ಅದರೊಡನೆ ಯಾರೂ ಆಡುವುದೂ ಇಲ್ಲ, ಅದನ್ನು ಕೇಳುತ್ತಾರೆ. ಎದುರಾಳಿ ನ್ಯಾಯಾಧೀಶನಾದನು.

ಇದನ್ನು ಹೇಳಲು ನನಗೊಂದು ಕಾರಣವಿದೆ. 1985ರ ಮಳೆಗಾಲದಲ್ಲಿ, ಬಿಜೈಯ ನಮ್ಮ ಮನೆಯ ಚಾವಡಿಯಲ್ಲಿ, ಹಿರಿಯ ಸಹೋದ್ಯೋಗಿಯೊಬ್ಬರು ನನ್ನ ರಾಜನ ಮುಂದೆ ಕುದುರೆಯನ್ನು ಬಲಿಕೊಟ್ಟು, ಆಮೇಲೆ ಆಟವನ್ನು ಸೋತರು. ಬಲಿ ಸರಿ, ಮುಂದಿನ ನಡೆ ತಪ್ಪಿತೆಂದು ಅವರು; ಬಲಿಯೇ ದುಡುಕೆಂದು ನಾನು. ನಡೆಗಳನ್ನು ಬರೆದಿಟ್ಟಿದ್ದೆವು. ಇಪ್ಪತ್ತು ವರ್ಷಕ್ಕೂ ಮೀರಿ, ಮದುವೆಮನೆಗಳಲ್ಲೂ ಬಸ್ಸಿನಲ್ಲೂ ಆ ವಾದ ನಡೆಯಿತು. ಅವರು ಗತಿಸಿದಾಗಲೂ ಅದು ಮುಗಿದಿರಲಿಲ್ಲ.

ಹೋದ ವರ್ಷ ಮೊಮ್ಮಗಳು ಆ ನೋಟುಪುಸ್ತಕವನ್ನು ಕಂಡು, ಕಾಯಿಗಳನ್ನು ಫೋನಿನಲ್ಲಿ ಜೋಡಿಸಿದಳು. “ಅಜ್ಜಾ, ಕುದುರೆ ಕೊಟ್ಟದ್ದು ಸರಿಯೇ ಅಂತೆ” ಎಂದಳು. ಒಂದು ನಿಮಿಷವೂ ಹಿಡಿಯಲಿಲ್ಲ. ಆದರೆ ಬಳಿಕ ಆಡಬೇಕಾದುದು ಅವರು ಆಡಿದ ಮಂತ್ರಿಯಲ್ಲ, ನಾವು ಅಷ್ಟೂ ವರ್ಷ ಪರೀಕ್ಷಿಸಿದ ಬೇರೆ ನಡೆಗಳಲ್ಲಿ ಯಾವುದೂ ಅಲ್ಲ. ದೂರದ ಅಂಚಿನ ಕಾಲಾಳನ್ನು ಒಂದು ಮನೆ ಮುಂದಿಡಬೇಕಿತ್ತು. ನಾನು ಬಹಳ ಹೊತ್ತು ಹಲಗೆಯನ್ನೇ ನೋಡುತ್ತ ಕುಳಿತೆ. ಆ ನಡೆ ಏಕೆ ಗೆಲ್ಲುತ್ತದೆಂಬುದನ್ನು ನನಗೆ ವಿವರಿಸಲು ಅವಳಿಗೂ ಬರಲಿಲ್ಲ. ಪುಟದ ಅಂಚಿನಲ್ಲಿ, ಅವರ ಅಕ್ಷರದ ಕೆಳಗೆ, ಆ ನಡೆಯನ್ನು ಪೆನ್ಸಿಲಿನಿಂದ ಬರೆದಿಟ್ಟಿದ್ದೇನೆ.