ಹುಲಿ-ಕುರಿಯಿಂದ ಮೆಕಾನಿಕಸ್‌ವರೆಗೆ: ಮೇಜಿನ ಯುದ್ಧ ಕಂಪ್ಯೂಟರಿಗೆ ಬಂದಾಗ

ಮೀನಂಗಡಿ: ‘ವಾರ್‌ಹ್ಯಾಮರ್ 40,000: ಮೆಕಾನಿಕಸ್ 2’ ಎಂಬ ಕಂಪ್ಯೂಟರ್ ಆಟವನ್ನು 2024ರ ಮೇ ತಿಂಗಳಲ್ಲಿ ಘೋಷಿಸಲಾಯಿತು. ಮೇಜಿನ ಮೇಲೆ ಗೊಂಬೆ ಸೈನಿಕರನ್ನಿಟ್ಟು ಆಡುವ ಯುದ್ಧದಾಟವೊಂದು ಇದರ ಮೂಲ. ಇಂಥ ಆಟ ಘೋಷಣೆಯಾದ ಕೂಡಲೇ ಅದು ಹೇಗಿದ್ದೀತು ಎಂಬ ಊಹಾಪೋಹ ಹುಟ್ಟಿಕೊಳ್ಳುತ್ತದೆ, ಅದರ ಹಿಂದೆಯೇ ಮುಂಗಡ ಹಣ ಕಟ್ಟಿ ಎಂಬ ಕರೆಯೂ ಬರುತ್ತದೆ. ಆಟ ಕೈಗೆ ಸಿಗುವ ಮೊದಲು ಅದರ ಬಗ್ಗೆ ಎಷ್ಟನ್ನು ಊಹಿಸಬಹುದು? ಇದನ್ನು ಅಳೆಯಲು ನಮ್ಮ ಕಡೆಯವರ ಬಳಿ ಒಂದು ಹಳೆಯ ಅಳತೆಗೋಲಿದೆ. ಅದು ಜಗಲಿಯ ಮೇಲೆ ಇದ್ದಿಲಿನಲ್ಲಿ ಗೆರೆ ಎಳೆದು ಆಡುವ ಹುಲಿ-ಕುರಿ ಆಟ. ನೆರೆಮನೆಯ ಮಲಯಾಳಿಗಳ ಬಾಯಲ್ಲಿ ಅದೇ ಆಡುಪುಲಿಯಾಟ್ಟಂ.

ಮೊದಲು ಮೇಜಿನ ಯುದ್ಧದಾಟದ ವಿಚಾರ. ಆನೆ, ಕುದುರೆ, ರಥ, ಕಾಲಾಳು ಎಂಬ ನಾಲ್ಕು ಅಂಗಗಳ ಸೈನ್ಯವನ್ನು ಹಾಸಿನ ಮೇಲೆ ನಿಲ್ಲಿಸಿದ ಚದುರಂಗವೇ ಇದರ ಅಜ್ಜ. 1780ರಲ್ಲಿ ಜರ್ಮನಿಯ ಬ್ರೌನ್‌ಶ್ವೈಗ್‌ನ ಹೆಲ್ವಿಗ್ ಎಂಬ ಗಣಿತದ ಮೇಷ್ಟ್ರು ಚದುರಂಗದ ಮನೆಗಳನ್ನು ಸಾವಿರಕ್ಕೂ ಮೇಲೆ ಹೆಚ್ಚಿಸಿ, ಅದರೊಳಗೆ ನದಿ, ಬೆಟ್ಟ, ಊರುಗಳನ್ನು ಸೇರಿಸಿದರು. 1812ರಲ್ಲಿ ರೈಸ್‌ವಿಟ್ಸ್ ಎಂಬವರು ಪ್ರಷ್ಯಾದ ರಾಜನಿಗೆ ಇಂಥ ಆಟವನ್ನು ಒಪ್ಪಿಸಿದರು. ಅವರ ಮಗ 1824ರಲ್ಲಿ ಅದನ್ನು ತಿದ್ದಿ, ನಕ್ಷೆಯೂ ದಾಳವೂ ಇರುವ ಸೈನಿಕ ತರಬೇತಿಯ ಆಟವನ್ನಾಗಿಸಿದ. ಇಂಗ್ಲಿಷ್ ಕಾದಂಬರಿಕಾರ ಎಚ್.ಜಿ. ವೆಲ್ಸ್ 1913ರಲ್ಲಿ ‘ಲಿಟಲ್ ವಾರ್ಸ್’ ಪುಸ್ತಕ ಬರೆದು ಇದನ್ನು ಮನೆಯ ನೆಲಕ್ಕೆ ತಂದರು. ಇಂಗ್ಲೆಂಡಿನ ಗೇಮ್ಸ್ ವರ್ಕ್‌ಶಾಪ್ ಕಂಪನಿಯ ವಾರ್‌ಹ್ಯಾಮರ್ ಬಂದದ್ದು 1983ರಲ್ಲಿ, ಭವಿಷ್ಯದ ಯುದ್ಧದ ಕಥೆಯಿರುವ ವಾರ್‌ಹ್ಯಾಮರ್ 40,000 ಬಂದದ್ದು 1987ರಲ್ಲಿ. ಬೆರಳುದ್ದದ ಪ್ಲಾಸ್ಟಿಕ್ ಸೈನಿಕರನ್ನು ಅಂಟಿಸಿ, ಬಣ್ಣ ಬಳಿದು, ಟೇಪು ಹಿಡಿದು ದೂರ ಅಳೆದು, ಹಿಡಿಗಟ್ಟಲೆ ದಾಳ ಎಸೆದು ಆಡುವ ಆಟವಿದು. ದುಬಾರಿ. ಹಗಲಿಡೀ ಹಿಡಿದರೂ ಆಶ್ಚರ್ಯವಿಲ್ಲ.

ನಮ್ಮ ಕಡೆಯೂ ಆಟದ ವಿಷಯದಲ್ಲಿ ಹಿಂದೆ ಬಿದ್ದಿರಲಿಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಹಾಸಿನ ಆಟಗಳಲ್ಲಿ ಮುಳುಗಿದ್ದವರು. ಅವರ ‘ಶ್ರೀತತ್ತ್ವನಿಧಿ’ಯ ಒಂಬತ್ತು ನಿಧಿಗಳಲ್ಲಿ ಕೌತುಕನಿಧಿ ಆಟಗಳಿಗೇ ಮೀಸಲು. ಹಂಪಿಯ ಕಲ್ಲುಹಾಸುಗಳಲ್ಲಿ ಆಟದ ಮನೆಗಳನ್ನು ಕೊರೆದಿರುವುದನ್ನು ಈಗಲೂ ಕಾಣಬಹುದು. ಇನ್ನು ವಯನಾಡಿನವರಿಗೆ ಯುದ್ಧದ ನೆನಪು ಹುಡುಕಲು ದೂರ ಹೋಗಬೇಕಿಲ್ಲ. ಕನ್ನಡದಲ್ಲಿ ಹನ್ನೆರಡು ಬೀದಿ ಎನಿಸಿಕೊಂಡಿದ್ದ ಊರು ಟಿಪ್ಪುವಿನ ಮದ್ದುಗುಂಡಿನ ಉಗ್ರಾಣದಿಂದಾಗಿ ಸುಲ್ತಾನ್ ಬತ್ತೇರಿ ಆಯಿತು ಎಂಬುದು ಇಲ್ಲಿ ಮಕ್ಕಳಿಗೂ ಗೊತ್ತು.

ಈಗ ಹುಲಿ-ಕುರಿ. ಬರೆಯುವ ಬಗೆ ಹೀಗೆ: ಮೇಲೊಂದು ತುದಿ. ಅಲ್ಲಿಂದ ನಾಲ್ಕು ಗೆರೆಗಳು ಗೋಪುರದಂತೆ ಹರಡಿಕೊಂಡು ಕೆಳಗಿನ ಅಡ್ಡಗೆರೆಗೆ ಇಳಿಯುತ್ತವೆ. ನಡುವೆ ಮೂರು ಅಡ್ಡಗೆರೆಗಳು ಗೋಪುರವನ್ನು ದಾಟಿ ಎರಡೂ ಬದಿಗೆ ಚಾಚುತ್ತವೆ. ಆ ಚಾಚಿದ ತುದಿಗಳನ್ನು ಎಡಕ್ಕೊಂದು, ಬಲಕ್ಕೊಂದು ಉದ್ದಗೆರೆ ಸೇರಿಸುತ್ತದೆ. ಎಣಿಸಿ ನೋಡಿ: ತುದಿಯಲ್ಲಿ 1, ಮೂರು ಅಡ್ಡಗೆರೆಗಳಲ್ಲಿ ಆರಾರರಂತೆ 18, ಬುಡದಲ್ಲಿ 4, ಒಟ್ಟು 23 ಮನೆ. ಒಬ್ಬನಿಗೆ 3 ಹುಲಿ, ಇನ್ನೊಬ್ಬನಿಗೆ 15 ಕುರಿ. ಕುರಿಗಳನ್ನು ಸರದಿಗೊಂದರಂತೆ ಇಡಬೇಕು. ಹದಿನೈದೂ ಹಾಸಿಗೆ ಇಳಿಯುವ ತನಕ ಒಂದು ಕುರಿಯೂ ಜಾಗ ಬಿಟ್ಟು ಕದಲುವಂತಿಲ್ಲ. ಹುಲಿಗೆ ಮಾತ್ರ ಮೊದಲಿನಿಂದಲೇ ಓಡಾಟ. ಪಕ್ಕದ ಕುರಿಯ ಆಚೆ ಅದೇ ಗೆರೆಯಲ್ಲಿ ಮನೆ ಖಾಲಿಯಿದ್ದರೆ ಹಾರಿ ತಿನ್ನಬಹುದು. ಕುರಿಗೆ ತಿನ್ನುವ ಹಕ್ಕಿಲ್ಲ. ಅದರ ಬಲವೆಲ್ಲ ಒತ್ತಾಗಿ ನಿಂತು ಹುಲಿಯನ್ನು ಕಟ್ಟಿಹಾಕುವುದರಲ್ಲಿ.

ಇದನ್ನು ಇಷ್ಟು ವಿಸ್ತಾರವಾಗಿ ಹೇಳಲು ಕಾರಣವಿದೆ. ಚದುರಂಗದಲ್ಲಿ ಎರಡೂ ಕಡೆ ಒಂದೇ ಬಗೆಯ ಸೈನ್ಯ. ಹುಲಿ-ಕುರಿಯಲ್ಲಿ ಎರಡು ಕಡೆಗೂ ಸಂಖ್ಯೆ ಬೇರೆ, ನಡೆ ಬೇರೆ, ಗೆಲುವಿನ ಅರ್ಥವೂ ಬೇರೆ. ವಾರ್‌ಹ್ಯಾಮರ್ 40,000 ಸಹ ಇದೇ ಜಾತಿಯದು. ಇಲ್ಲಿ ದೊಡ್ಡ ಪ್ರಶ್ನೆ ಸಮತೂಕದ್ದು. ಕುರಿ ಯಾವಾಗಲೂ ಸೋತರೆ ಕುರಿ ಆಡಲು ಯಾರೂ ಕೂರುವುದಿಲ್ಲ. ಬುದ್ಧಿವಂತ ಕುರಿಯವನು ಮೊದಲು ಅಂಚಿನ ಮನೆಗಳನ್ನು ಹಿಡಿಯುತ್ತಾನೆ, ಏಕೆಂದರೆ ಅಂಚಿನಾಚೆಗೆ ಹುಲಿ ಹಾರಲು ಮನೆಯೇ ಇಲ್ಲ. ಈ ಉಪಾಯವನ್ನು ಆಟಗಾರ ತಾನೇ ಕಂಡುಕೊಳ್ಳುವಂತಿದ್ದರೆ ಆಟಕ್ಕೆ ಆಯುಷ್ಯ ಜಾಸ್ತಿ.

ಎರಡನೆಯ ಪ್ರಶ್ನೆ ಅದೃಷ್ಟದ್ದು. ಮೇಜಿನ ಮೇಲೆ ದಾಳ ಎಲ್ಲರ ಕಣ್ಣೆದುರು ಉರುಳುತ್ತದೆ. ನಾಲ್ಕು ಅಥವಾ ಹೆಚ್ಚು ಬಿದ್ದರೆ ಏಟು ತಗಲುತ್ತದೆ ಎಂದಿದ್ದರೆ ಹತ್ತು ದಾಳಕ್ಕೆ ಸರಾಸರಿ ಐದು ಏಟು. ಎರಡೇ ಬಿದ್ದರೂ ಬೈಸಿಕೊಳ್ಳುವುದು ದಾಳ. ಕಂಪ್ಯೂಟರಿನಲ್ಲಿ ದಾಳ ಒಳಗೆಲ್ಲೋ ಉರುಳುತ್ತದೆ, ಪರದೆಯಲ್ಲಿ ಶೇಕಡಾ 90 ಎಂಬ ಅಂಕಿ ಮಾತ್ರ ಕಾಣಿಸುತ್ತದೆ. ಅದೂ ತಪ್ಪಿದಾಗ ಆಟಗಾರನಿಗೆ ಮೋಸ ಹೋದ ಭಾವನೆ. ಜಪಾನಿನ ಫೈರ್ ಎಂಬ್ಲಂ ಸರಣಿಯವರು 2002ರ ಆಟದಿಂದ ಹಲವು ಕಂತುಗಳಲ್ಲಿ ಇದಕ್ಕೊಂದು ಉಪಾಯ ಮಾಡಿದರು. ಒಂದರ ಬದಲು ಎರಡು ಅಂಕಿಗಳನ್ನು ಎತ್ತಿ ಅವುಗಳ ಸರಾಸರಿ ಹಿಡಿಯುವುದು. ಪರದೆಯಲ್ಲಿ 90 ಎಂದಿದ್ದರೆ ನಿಜದಲ್ಲಿ ಏಟು ತಗಲುವ ಸಾಧ್ಯತೆ ಸುಮಾರು 98. ಆಟಗಾರನಿಗೆ ಸಂತೋಷ, ಅಂಕಿ ಮಾತ್ರ ಸುಳ್ಳು! ಜಗಲಿಯ ಮೇಲೆ ಕವಡೆ ಎಸೆಯುವಾಗ ಇಂಥ ಕೈಚಳಕ ತೋರಿಸಿದರೆ ಆಟದಿಂದ ಎಬ್ಬಿಸಿ ಕಳಿಸುತ್ತಾರೆ.

2018ರ ನವೆಂಬರಿನಲ್ಲಿ ಬಂದ ಮೊದಲ ‘ಮೆಕಾನಿಕಸ್’ ಬೇರೆ ದಾರಿ ಹಿಡಿಯಿತು. ಫ್ರಾನ್ಸಿನ ಬುಲ್‌ವಾರ್ಕ್ ಸ್ಟುಡಿಯೋಸ್ ತಯಾರಿಸಿದ ಈ ಆಟದಲ್ಲಿ ಗುರಿ ತಪ್ಪುವ ಮಾತೇ ಇಲ್ಲ. ಹೊಡೆದರೆ ತಗಲುತ್ತದೆ, ಎಷ್ಟು ಪೆಟ್ಟಾಯಿತು ಎಂಬುದರಲ್ಲಷ್ಟೇ ಹೆಚ್ಚುಕಡಿಮೆ. ಮೇಜಿನ ಆಟದ ದಾಳವನ್ನು ಹಾಗೇ ನಕಲು ಮಾಡದೆ ಪರದೆಗೆ ತಕ್ಕಂತೆ ಬದಲಿಸಿದ್ದು ಜಾಣತನ ಎಂದೇ ನಮ್ಮ ಅಭಿಪ್ರಾಯ. ಆಟಗಾರನ ಕಡೆಯವರು ಮಂಗಳ ಗ್ರಹದ ಯಂತ್ರಪೂಜಕ ಪುರೋಹಿತರು. ಯಂತ್ರಕ್ಕೆ ಎಣ್ಣೆ ಹಚ್ಚಿ, ಧೂಪ ಹಾಕಿ, ಮಂತ್ರ ಹೇಳುವವರು. ಆಯುಧಪೂಜೆಯ ದಿನ ಜೀಪಿಗೂ ಟಿಲ್ಲರಿಗೂ ಕುಂಕುಮ ಇಡುವ ನಮಗೆ ಅದೇನೂ ವಿಚಿತ್ರವಲ್ಲ. ಎದುರಾಳಿಗಳು ನೆಕ್ರಾನ್ ಎಂಬ ಲೋಹದ ಮೈಯವರು, ಯುಗಗಳ ನಿದ್ದೆಯಿಂದ ಏಳುತ್ತಿರುವವರು. ಉರುಳಿಸಿ ಹಾಗೇ ಬಿಟ್ಟರೆ ಕೆಲವು ಸರದಿಗಳ ನಂತರ ಮತ್ತೆ ಎದ್ದು ನಿಲ್ಲುತ್ತಾರೆ. ಆಟದ ದೋಷವೂ ಪ್ರಸಿದ್ಧ: ಮೊದಮೊದಲು ಕಷ್ಟ, ಪುರೋಹಿತರು ಬಲಿತ ಮೇಲೆ ತೀರಾ ಸುಲಭ.

ಎರಡನೆಯ ಭಾಗದ ಘೋಷಣೆಯಲ್ಲಿದ್ದ ಮುಖ್ಯ ಮಾತೆಂದರೆ, ಈ ಬಾರಿ ಆಟಗಾರ ಬೇಕಾದರೆ ನೆಕ್ರಾನರ ಕಡೆಯಿಂದಲೂ ಆಡಬಹುದು. ಅಂದರೆ ಕುರಿಯವನಿಗೆ ಹುಲಿ ಹಿಡಿಯುವ ಅವಕಾಶ. ನಮ್ಮ ಊಹೆ ಇಲ್ಲಿಂದ ಶುರು. ಬಿದ್ದು ಏಳುವ ಗುಣವೇ ನೆಕ್ರಾನರ ಬಲವಾದ್ದರಿಂದ ಅವರ ಕಡೆಯ ಆಟ ಅವಸರವಿಲ್ಲದೆ ಒತ್ತಿಕೊಂಡು ಹೋಗುವಂಥದ್ದಾಗಬೇಕು, ಪುರೋಹಿತರದು ಲೆಕ್ಕ ಹಾಕಿ ಹೊಡೆದು ಸರಿಯುವಂಥದ್ದು. ಎರಡು ಕಡೆಗೂ ಒಂದೇ ನಿಯಮ ಇಟ್ಟು ಬಣ್ಣ ಮಾತ್ರ ಬದಲಿಸಿದರೆ ಆ ಘೋಷಣೆಗೆ ಅರ್ಥವಿಲ್ಲ. ಕೊನೆಗೊನೆಗೆ ಸುಲಭವಾಗುವ ಹಳೆಯ ಕಾಯಿಲೆ ವಾಸಿಯಾಗಿದೆಯೇ ಎಂಬುದನ್ನು ಮಾತ್ರ ಪ್ರಚಾರದ ವಿಡಿಯೋ ನೋಡಿ ಹೇಳಲಾಗದು. ಅದು ಹತ್ತಾರು ಗಂಟೆ ಆಡಿದವರಿಂದಲೇ ತಿಳಿಯಬೇಕು.

ಹಿಂದಿನ ಉದಾಹರಣೆಗಳು ಎಚ್ಚರ ಹೇಳುತ್ತವೆ. 1984ರ ಮೇಜಿನ ಆಟದಿಂದ ಬಂದ ‘ಬ್ಯಾಟಲ್‌ಟೆಕ್’ 2018ರಲ್ಲಿ ಬಿಡುಗಡೆಯಾದಾಗ ತುಂಬಾ ನಿಧಾನ ಎಂಬ ದೂರಿತ್ತು, ತಯಾರಕರು ಆಮೇಲೆ ಅದನ್ನು ಸರಿಪಡಿಸಿದರು. 2023ರ ಫೆಬ್ರವರಿಯಲ್ಲಿ ಬಂದ ‘ಬ್ಲಡ್ ಬೌಲ್ 3’ ದೋಷಗಳಿಗೂ ಆಟದೊಳಗೆ ಮತ್ತೆ ಹಣ ಕೇಳಿದ್ದಕ್ಕೂ ಟೀಕೆ ಕೇಳಬೇಕಾಯಿತು. ಎರಡರ ಮೂಲ ಆಟಗಳೂ ಮೇಜಿನ ಮೇಲೆ ದಶಕಗಳ ಕಾಲ ಗೆದ್ದಂಥವೇ.

ಆದ್ದರಿಂದ ಮುಂಗಡ ಕಟ್ಟುವ ಅವಸರ ಬೇಡ. ಅಂತರ್ಜಾಲದ ಸ್ಟೀಮ್ ಅಂಗಡಿಯಲ್ಲಿ ಕೊಂಡವರು 14 ದಿನಗಳೊಳಗೆ, 2 ಗಂಟೆಗಿಂತ ಕಡಿಮೆ ಆಡಿದ್ದರೆ ಹಣ ವಾಪಸು ಕೇಳಬಹುದು. ಮುಂಗಡ ಕಟ್ಟಿದ್ದರೆ ಬಿಡುಗಡೆಗೆ ಮೊದಲು ಯಾವಾಗ ಬೇಕಾದರೂ ಕೇಳಬಹುದು. ಮಕ್ಕಳಿಗೆ ಕೊಡಿಸುವವರು ಇನ್ನೊಂದನ್ನು ಗಮನಿಸಬೇಕು. ಮೊದಲ ಮೆಕಾನಿಕಸ್‌ನಲ್ಲಿ ಪುರೋಹಿತರು ಆಡುವುದು ಯಂತ್ರದ ಗೊಣಗಾಟ, ಅರ್ಥವೆಲ್ಲ ಪರದೆಯ ಮೇಲಿನ ಉದ್ದುದ್ದ ಇಂಗ್ಲಿಷ್ ಬರಹದಲ್ಲಿ. ಕನ್ನಡ ಅಥವಾ ಮಲಯಾಳ ಮಾಧ್ಯಮದ ಹುಡುಗನಿಗೆ ಅಷ್ಟು ಓದುವ ತಾಳ್ಮೆ ಬೇಕು.

ಹುಲಿ-ಕುರಿಯೂ ಮೊಬೈಲಿಗೆ ಬಂದಿದೆ. ಆದರೆ ಮೊಬೈಲಿನ ಆಟಕ್ಕೆ ತಯಾರಕ ಬರೆದದ್ದೇ ನಿಯಮ. ನಮ್ಮಲ್ಲಿ ಊರಿಗೊಂದು ಪದ್ಧತಿ, ಆಟ ಶುರುವಾಗುವ ಮುನ್ನ ಅರ್ಧ ಗಂಟೆ ಅದರದೇ ಜಗಳ. ಆ ಪದ್ಧತಿಗಳು ಎಲ್ಲಿಯೂ ಬರೆದಿಟ್ಟವಲ್ಲ, ಆಡಿದವರ ನೆನಪಿನಲ್ಲಿವೆ. ಮನೆಯಲ್ಲಿ ಹಿರಿಯರಿದ್ದರೆ ಮೂರು ಮಾತು ಕೇಳಿ ಬರೆದುಕೊಳ್ಳಿ: ಹುಲಿಗಳನ್ನು ಮೊದಲು ಎಲ್ಲಿ ಇಡುತ್ತಿದ್ದರು, ಒಂದೇ ಸರದಿಯಲ್ಲಿ ಹುಲಿ ಎರಡು ಕುರಿ ಹಾರಬಹುದಿತ್ತೇ, ಎಷ್ಟು ಕುರಿ ಸತ್ತರೆ ಆಟ ಮುಗಿಯುತ್ತಿತ್ತು. ಮೀನಂಗಡಿಯದೋ ಗುಂಡ್ಲುಪೇಟೆಯದೋ ಪದ್ಧತಿಯಂತೆ ಕಂಪ್ಯೂಟರಿನಲ್ಲಿ ಈ ಆಟ ಮಾಡಲು ಹೊರಡುವ ಹುಡುಗ ಅಥವಾ ಹುಡುಗಿಗೆ ಮೊದಲು ಬೇಕಾಗುವುದು ಈ ಮೂರು ಸಾಲು.